ಬೇಲಿಗೆ ಕವಳಿ: ಬೀಜ ಹಾಕುವುದರಿಂದ ಹಣ್ಣು ಬಿಡಿಸುವವರೆಗೆ

ಅಡ್ಡಮಳೆ ಎರಡು ಸಲ ಬಿದ್ದು ಬಿಸಿಲು ಸ್ವಲ್ಪ ಮೆತ್ತಗಾಗುವ ಹೊತ್ತಿಗೆ ಧಾರವಾಡದ ಪ್ಯಾಟಿಯಲ್ಲಿ ಕವಳಿ ಹಣ್ಣಿನ ಬುಟ್ಟಿಗಳು ಕಾಣಿಸುತ್ತವೆ. ಕಲಘಟಗಿ, ಅಳ್ನಾವರ ಕಡೆಯ ಹೆಣ್ಣುಮಕ್ಕಳು ಬೆಳಗಿನ ಬಸ್ಸಿಗೆ ಬಂದು ರಸ್ತೆಯ ಬದಿಗೆ ಗೋಣಿತಟ್ಟು ಹಾಸಿ ಕೂಡುತ್ತಾರೆ. ಬುಟ್ಟಿಯ ಮೇಲೆ ಮುತ್ತಲ ಎಲೆ, ಎಲೆ ಸರಿಸಿದರೆ ಕರಿನೇರಳೆ ಬಣ್ಣದ ಗುಂಡು ಹಣ್ಣು, ಅಳೆದು ಕೊಡಲು ಒಂದು ಸ್ಟೀಲ್ ಗ್ಲಾಸು. ಚಿಕ್ಕವರಿದ್ದಾಗ ನಾವು ಹಣ್ಣನ್ನು ಅರ್ಧ ಕಚ್ಚಿ ಒಳಗೆ ನೋಡುತ್ತಿದ್ದೆವು. ಕೆಂಪಗಿದ್ದರೆ ಹುಂಜ, ಬೆಳ್ಳಗಿದ್ದರೆ ಹೇಂಟೆ. ಹುಂಜ ಬಂದವರು ಗೆದ್ದ ಹಾಗೆ.

ಬುಟ್ಟಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹಲವು ವರ್ಷಗಳ ಹಿಂದೆ, ಪ್ರತಿ ಬೇಸಿಗೆ ನಾನು ಹಣ್ಣು ಕೊಳ್ಳುವ ಅಜ್ಜಿಯನ್ನು ಕೇಳಿದೆ, "ಯಾಕಬೇ ಯವ್ವಾ, ಈ ಸಲ ಒಂದ ಬುಟ್ಟಿ ಅಷ್ಟ ತಂದೀರಿ?" ಅಜ್ಜಿ ಗ್ಲಾಸಿಗೆ ಹಣ್ಣು ತುಂಬುತ್ತಲೇ ಹೇಳಿದರು: "ಎಲ್ಲಿಂದ ತರಲೆ ತಂಗಿ? ಬೇಲಿಗೆ ಜೆಸಿಬಿ ಹಚ್ಚಿ ಕಿತ್ತ ಒಗದು ತಂತಿ ಎಳದಾರ. ಗುಡ್ಡದಾಗ ನಾಕ ಗಿಡ ಉಳದಾವ, ಅದಕ್ಕ ಹತ್ತು ಮಂದಿ." ಆ ಸಂಜೆಯೇ ನಾನು ನಮ್ಮ ಹೊಲದ ಬೇಲಿಗೆ ಕವಳಿ ಹಾಕಬೇಕೆಂದು ನಿರ್ಧರಿಸಿದೆ. ಈಗ ಕಲಘಟಗಿ ರಸ್ತೆಯ ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಒಂದು ಬದಿಯ ಬೇಲಿ ಪೂರ್ತಿ ಕವಳಿಯದು. ಧಾರವಾಡದ ಮನೆಯ ಹಿತ್ತಲಲ್ಲಿ ಮೂರು ಗಿಡ, ರೋಣದ ಹತ್ತಿರ ಅಕ್ಕನ ಎರೆ ಹೊಲದಲ್ಲಿ ಹತ್ತು ಗಿಡ. ಮೂರು ಕಡೆಯ ಮಣ್ಣೂ ಬೇರೆ, ಕಲಿಸಿದ ಪಾಠವೂ ಬೇರೆ. ತಂತಿ ಬೇಲಿ ಹಾಕಬೇಕೆಂದು ಲೆಕ್ಕ ಹಾಕುತ್ತಿರುವವರು ಅದಕ್ಕೂ ಮೊದಲು ಇದನ್ನು ಓದಿದರೆ ನನಗೆ ಸಂತೋಷ.

ಗಿಡ ಗುರುತಿಸುವುದು

ಕವಳಿ ನಮ್ಮದೇ ನೆಲದ ಗಿಡ. ಊರಿಂದೂರಿಗೆ ಹೆಸರು ಬದಲಾಗುತ್ತದೆ: ಕೌಳಿ, ಕರಂಡೆ, ಕರ್ಜಿಕಾಯಿ. ಮರಾಠಿಯವರು ಕರವಂದ ಅನ್ನುತ್ತಾರೆ, ಹಿಂದಿಯವರು ಕರೌಂದಾ. ಸಸ್ಯಶಾಸ್ತ್ರದಲ್ಲಿ ದೊಡ್ಡ ಕಾಯಿಯದಕ್ಕೆ ಕ್ಯಾರಿಸ್ಸಾ ಕ್ಯಾರಂಡಾಸ್ ಎಂದೂ, ಗುಡ್ಡದಲ್ಲಿ ಕುರುಚಲಾಗಿ ಬೆಳೆಯುವ ಸಣ್ಣ ಹಣ್ಣಿನದಕ್ಕೆ ಕ್ಯಾರಿಸ್ಸಾ ಸ್ಪೈನೇರಮ್ ಎಂದೂ ಹೆಸರು. ಸಣ್ಣದು ತಿನ್ನಲು ಸಿಹಿ, ದೊಡ್ಡದು ಉಪ್ಪಿನಕಾಯಿಗೆ ಲೇಸು. ಬೇಲಿಗೆ ಎರಡೂ ಆಗುತ್ತವೆ.

ಗುರುತು ಹೀಗೆ. ಎಲೆ ದಪ್ಪ, ಮೇಲ್ಭಾಗ ಹೊಳಪು, ಟೊಂಗೆಯ ಮೇಲೆ ಎದುರು ಬದುರಾಗಿ ಜೋಡಿ ಜೋಡಿ. ಮುರಿದರೆ ಬಿಳಿ ಹಾಲು. ಗಟ್ಟಿ ಮುಳ್ಳು, ಬಹಳಷ್ಟು ತುದಿಯಲ್ಲಿ ಕವಲೊಡೆದದ್ದು. ಹೂ ಐದೆಸಳಿನ ಬಿಳಿ ನಕ್ಷತ್ರ, ಮೊಗ್ಗಿನ ತೊಟ್ಟಿನ ಕಡೆ ತುಸು ಗುಲಾಬಿ, ಮಲ್ಲಿಗೆಯನ್ನು ನೆನಪಿಸುವ ಪರಿಮಳ. ಕಾಯಿ ಹಸಿರು, ಆಮೇಲೆ ಕೆಂಪು, ಹಣ್ಣಾದಾಗ ಕರಿನೇರಳೆ; ಒಳಗೆ ನಾಲ್ಕೈದು ಚಪ್ಪಟೆ ಬೀಜ.

ಈ ಗುರುತುಗಳೆಲ್ಲ ಒಟ್ಟಿಗೆ ಕೂಡಿಬಂದರೆ ಮಾತ್ರ ಹಣ್ಣು ಬಾಯಿಗಿಡಿ. ಕವಳಿಯ ಸಸ್ಯ ಕುಟುಂಬದಲ್ಲೇ ಕಣಗಲು ಇದೆ, ಅದಕ್ಕೂ ಬಿಳಿ ಹಾಲು, ಅದು ಕಡು ವಿಷ. ಹಾಲು ಬರುತ್ತದೆ, ಹಣ್ಣು ಕರಿದಾಗಿದೆ ಎಂಬ ಎರಡೇ ಕಾರಣಕ್ಕೆ ಮಕ್ಕಳು ಅಡವಿಯಲ್ಲಿ ಏನನ್ನೂ ತಿನ್ನದ ಹಾಗೆ ಮೊದಲೇ ತಿಳಿಸಿ ಹೇಳಬೇಕು.

ಇನ್ನೊಂದು ಗೊಂದಲ ನರ್ಸರಿಯದು. ನಾನು ಒಂದು ನರ್ಸರಿಯಲ್ಲಿ ಕವಳಿ ಎಂದು ಕೇಳಿ ತಂದ ನಾಲ್ಕು ಸಸಿ ಎರಡು ವರ್ಷ ಬೆಳೆದು ಹೂ ಬಿಟ್ಟಾಗ ನೋಡಿದರೆ ಹೂ ಅಂಗೈಯ ಅರ್ಧದಷ್ಟು ದೊಡ್ಡದು. ಅದು ದಕ್ಷಿಣ ಆಫ್ರಿಕದ ನಟಾಲ್ ಪ್ಲಮ್. ಅದರ ಕೆಂಪು ಹಣ್ಣನ್ನೂ ತಿನ್ನಬಹುದು, ನೋಡಲು ಚೆಂದ, ಆದರೆ ನನಗೆ ಬೇಕಾದದ್ದು ಅದಾಗಿರಲಿಲ್ಲ. ಎರಡು ವರ್ಷ ಹೋಯಿತು. ಸಸಿ ಕೊಳ್ಳುವಾಗ ತಾಯಿಗಿಡದ ಹೂವನ್ನೋ ಹಣ್ಣನ್ನೋ ಕಣ್ಣಾರೆ ನೋಡಿ ಕೊಳ್ಳಿ. ನೋಡಲು ಆಗದಿದ್ದರೆ ಬೀಜ ಹಾಕಿ ನೀವೇ ಮಾಡಿಕೊಳ್ಳುವುದು ಒಳ್ಳೆಯದು.

ಬೀಜ: ಹಣ್ಣು ತಿಂದ ವಾರದಲ್ಲೇ

ಕವಳಿ ಬೆಳೆಸುವವರು ಎಡವುವುದು ಹೆಚ್ಚಾಗಿ ಇಲ್ಲಿ. ಮೊದಲ ವರ್ಷ ನಾನು ಹೀರೆ, ಸೌತೆ ಬೀಜದ ಹಾಗೆ ಕವಳಿ ಬೀಜವನ್ನೂ ಬೂದಿಯಲ್ಲಿ ಹೊರಳಿಸಿ ಒಣಗಿಸಿ ಡಬ್ಬಿಯಲ್ಲಿಟ್ಟೆ. ಮುಂದಿನ ಮಿರಗದ ಮಳೆಗೆ ಅರವತ್ತು ಚೀಲಗಳಲ್ಲಿ ಹಾಕಿದೆ. ತಿಂಗಳಾಯಿತು, ಎರಡು ತಿಂಗಳಾಯಿತು, ಒಂದೂ ಹುಟ್ಟಲಿಲ್ಲ. ಕವಳಿ ಬೀಜಕ್ಕೆ ಇಟ್ಟು ಕಾಯುವ ತಾಳಿಕೆ ಇಲ್ಲ. ಒಣಗುತ್ತ ಹೋದ ಹಾಗೆ ಮೊಳೆಯುವ ಶಕ್ತಿ ಬೇಗ ಇಳಿಯುತ್ತದೆ. ಹಣ್ಣು ಸಿಗುವ ಕಾಲವೂ ಮಿರಗ ಕೂಡುವ ಜೂನ್ ಮೊದಲ ವಾರವೂ ಒಂದಕ್ಕೊಂದು ಹತ್ತಿರ ಇರುವುದರಿಂದ ತಡಮಾಡಲು ಕಾರಣವೂ ಇಲ್ಲ.

ಪೂರ್ತಿ ಕರಿದಾಗಿ ಮೆತ್ತಗಾದ ಹಣ್ಣನ್ನೇ ಆರಿಸಿ. ಪ್ಯಾಟಿಯಿಂದ ತಂದ ಹಣ್ಣೂ ನಡೆಯುತ್ತದೆ. ತಿರುಳನ್ನು ತಿಂದು ಉಗುಳಿದ ಬೀಜವಾದರೂ ಸರಿ, ಕೈಯಲ್ಲಿ ಕಿವುಚಿ ತೆಗೆದದ್ದಾದರೂ ಸರಿ. ಬೀಜದ ಸುತ್ತ ಅಂಟು ಇರುತ್ತದೆ. ಒಂದು ರಾತ್ರಿ ನೀರಲ್ಲಿಟ್ಟು, ಬೆಳಿಗ್ಗೆ ಒಂದು ಹಿಡಿ ಉಸುಕು ಹಾಕಿ ಎರಡು ಅಂಗೈ ನಡುವೆ ತಿಕ್ಕಿದರೆ ಬಿಡುತ್ತದೆ. ತೇಲುವ ಬೀಜ ಚೆಲ್ಲಿ, ಮುಳುಗಿದ್ದನ್ನು ಇಟ್ಟುಕೊಳ್ಳಿ. ನೆರಳಲ್ಲಿ ಹಳೆಯ ಪಂಜೆಯ ಮೇಲೆ ಒಂದೇ ದಿನ ಆರಿಸಿ. ಬಿಸಿಲಿಗೆ ಹಾಕಬೇಡಿ.

ಐದು ಇಂಚು ಅಗಲ, ಎಂಟು ಇಂಚು ಎತ್ತರದ ಸಸಿ ಚೀಲ ಸಾಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕಲಸಿ ತುಂಬಿ. ಎರೆಮಣ್ಣು ಮಾತ್ರ ತುಂಬಬೇಡಿ, ಚೀಲದಲ್ಲಿ ಅದು ಇಟ್ಟಿಗೆಯಾಗುತ್ತದೆ. ಪ್ರತಿ ಚೀಲಕ್ಕೆ ಎರಡು ಬೀಜ, ಬೆರಳಿನ ಅರ್ಧ ಗೆಣ್ಣಿನಷ್ಟು ಆಳ. ಮೇಲೆ ತೆಳ್ಳಗೆ ಉಸುಕು ಉದುರಿಸಿ. ಮಳೆಯ ಹನಿ ನೇರ ಬೀಳದ ಹಾಗೆ ಮಾವಿನ ಗಿಡದ ಕೆಳಗೋ ಮಾಡಿನ ಅಂಚಿಗೋ ಇಡಿ. ಹದಿನೈದು ದಿನದಿಂದ ಒಂದು ತಿಂಗಳೊಳಗೆ ಮೊಳಕೆ ಬರುತ್ತವೆ, ಒಂದೇ ದಿನ ಎಲ್ಲವೂ ಬರುವುದಿಲ್ಲ. ಎರಡೂ ಹುಟ್ಟಿದ ಚೀಲದಲ್ಲಿ ನಾಲ್ಕು ಎಲೆ ಆದ ಮೇಲೆ ಸೊರಗಿದ್ದನ್ನು ಕತ್ತರಿಸಿ ತೆಗೆಯಿರಿ. ಕೀಳಲು ಹೋದರೆ ಇನ್ನೊಂದರ ಬೇರು ಅಲುಗಾಡುತ್ತದೆ.

ಸಸಿ ನಿಧಾನ. ದೀಪಾವಳಿಗೆ ಗೇಣುದ್ದ ಆದರೆ ಚೆನ್ನಾಗಿದೆ ಎಂದು ತಿಳಿಯಿರಿ. ಒಂದು ವರ್ಷ ಚೀಲದಲ್ಲೇ ಇರಲಿ, ಮುಂದಿನ ಮಿರಗಕ್ಕೆ ನೆಲಕ್ಕೆ.

ಬೀಜದ ಗಿಡಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದು ಹುಳಿ, ಒಂದು ಸಿಹಿ, ಒಂದು ಕಾಯಿ ದಪ್ಪ, ಇನ್ನೊಂದು ಸಣ್ಣ. ಬೇಲಿಗೆ ಇದರಿಂದ ತೊಂದರೆಯಿಲ್ಲ. ಒಂದೇ ರೀತಿಯ ಕಾಯಿ ಬೇಕೆನ್ನುವವರು, ಮುಖ್ಯವಾಗಿ ಉಪ್ಪಿನಕಾಯಿಗೆ ಮಾರಬೇಕೆನ್ನುವವರು, ಗೂಟಿ ಕಟ್ಟಿದ ಸಸಿ ಮಾಡಿಕೊಳ್ಳಬೇಕು. ಮಳೆಗಾಲದ ನಡುವೆ ಪೆನ್ಸಿಲ್ ದಪ್ಪದ ಟೊಂಗೆಯನ್ನು ಆರಿಸಿ, ಒಂದು ಇಂಚು ಅಗಲ ಸುತ್ತಲೂ ತೊಗಟೆ ಬಿಡಿಸಿ. ಹಾಲು ಸುರಿಯುತ್ತದೆ, ಅದು ನಿಲ್ಲುವವರೆಗೆ ಬಟ್ಟೆಯಿಂದ ಒರೆಸಿ. ಆಮೇಲೆ ಬೇರು ಬರಿಸುವ ಪುಡಿ ಸವರಿ, ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿಯಾಗಿ ಕಟ್ಟಿ. ಎರಡು ಮೂರು ತಿಂಗಳಿಗೆ ಹಾಳೆಯೊಳಗೆ ಬೇರು ಕಾಣುತ್ತದೆ. ಬರಿ ಟೊಂಗೆ ಕಡಿದು ಚುಚ್ಚಿದರೆ ಕವಳಿ ಬೇರು ಬಿಡುವುದು ಬಲು ಅಪರೂಪ, ಆ ದಾರಿಯಲ್ಲಿ ಹೊತ್ತು ಕಳೆಯಬೇಡಿ.

ಹೆಸರು ಮಾಡಿದ ತಳಿಗಳೂ ಇವೆ. ಉತ್ತರಾಖಂಡದ ಪಂತನಗರ ಕೃಷಿ ವಿಶ್ವವಿದ್ಯಾಲಯದ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ, ಮಹಾರಾಷ್ಟ್ರದ ದಾಪೋಲಿಯ ಕೊಂಕಣ ಬೋಲ್ಡ್. ಇವು ದಪ್ಪ ಕಾಯಿಗೆಂದು ಆರಿಸಿದವು. 1986ರಲ್ಲಿ ಆರಂಭವಾದ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದಾಗ ಸಸಿ ವಿಚಾರಿಸಿ ನೋಡಬಹುದು, ಅರಣ್ಯ ಇಲಾಖೆಯ ಸಸಿ ತೋಟಗಳಲ್ಲೂ ಮಳೆಗಾಲಕ್ಕೆ ಮೊದಲು ಕೇಳಿ. ಗುಡ್ಡದಿಂದ ಗಿಡ ಕಿತ್ತು ತರುವ ಆಸೆ ಮಾತ್ರ ಬೇಡ. ಗದಗದ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿಂದ ಗಿಡ ಕೀಳುವುದು ಅಪರಾಧ. ಕಾನೂನನ್ನು ಬದಿಗಿಟ್ಟರೂ, ಬೆಳೆದ ಕವಳಿಯ ಬೇರು ಕಲ್ಲಿನ ಸಂದಿಯಲ್ಲಿ ಆಳಕ್ಕಿಳಿದಿರುತ್ತದೆ, ಕಿತ್ತ ಗಿಡ ಉಳಿಯುವುದಿಲ್ಲ.

ಜಾಗ, ಮಣ್ಣು

ಇಡೀ ದಿನ ಬಿಸಿಲು ಬೀಳುವ ಜಾಗ ಬೇಕು. ನೆರಳಲ್ಲಿ ಗಿಡ ಬದುಕುತ್ತದೆ, ಉದ್ದಕ್ಕೆ ಎಳೆಯುತ್ತದೆ, ಹೂ ಬಿಡುವುದಿಲ್ಲ. ನಮ್ಮ ಹಿತ್ತಲಿನ ಮೂರು ಗಿಡಗಳಲ್ಲಿ ಪೇರಲದ ನೆರಳಿಗಿರುವ ಒಂದರಲ್ಲಿ ಇವತ್ತಿಗೂ ನಾಲ್ಕು ಹಿಡಿ ಹಣ್ಣು ಕಂಡಿಲ್ಲ.

ಮಸಾರಿ, ಗರಸು, ಕಲ್ಲು ಮಿಶ್ರಿತ ನೆಲ ಇದ್ದವರು ಪುಣ್ಯವಂತರು. ಕಲಘಟಗಿ, ಶಿಗ್ಗಾವಿ, ಶಿರಹಟ್ಟಿ ಕಡೆಯ ಕೆಂಪು ನೆಲದಲ್ಲಿ ಕವಳಿಗೆ ನೀವು ವಿಶೇಷವಾಗಿ ಏನೂ ಮಾಡಬೇಕಾಗಿಲ್ಲ. ಬೇರೆ ಬೆಳೆಗೆ ಬಾರದ ಬದುವಿನ ಕಲ್ಲು ರಾಶಿಯ ಪಕ್ಕದಲ್ಲೇ ನಮ್ಮ ಒಳ್ಳೆಯ ಗಿಡಗಳಿವೆ. ತುಸು ಸವುಳು ನೆಲವನ್ನೂ ತಡೆದುಕೊಳ್ಳುತ್ತದೆ. ಅದಕ್ಕೆ ಆಗದ್ದು ಒಂದೇ, ಬುಡದಲ್ಲಿ ನೀರು ನಿಲ್ಲುವುದು.

ಅದಕ್ಕೇ ಎರೆ ಹೊಲದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ರೋಣದಲ್ಲಿ ಅಕ್ಕನ ಹೊಲದಲ್ಲಿ ಮೊದಲ ಸಲ ನಾವು ಎಲ್ಲ ಕಡೆಯಂತೆ ಗುಂಡಿ ತೋಡಿ ಹನ್ನೆರಡು ಸಸಿ ನೆಟ್ಟೆವು. ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ, ಧಾರವಾಡಕ್ಕಿಂತ ಕಡಿಮೆ. ನೀರು ಹೆಚ್ಚಾದೀತು ಎಂಬ ಯೋಚನೆಯೇ ನಮಗೆ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಮೂರು ದಿನ ಹಿಡಿದು ಮಳೆ ಹೊಡೆಯಿತು. ಎರೆಯಲ್ಲಿ ತೋಡಿದ ಗುಂಡಿ ಎಂದರೆ ತಳಮುಚ್ಚಿದ ಹಗೇವು (ಕಾಳು ತುಂಬಿಡುವ ನೆಲಗುಂಡಿ) ಇದ್ದ ಹಾಗೆ, ಒಳಗೆ ಬಂದ ನೀರಿಗೆ ಹೊರದಾರಿ ಇಲ್ಲ. ಎಲೆ ಹಳದಿಯಾಗಿ ಉದುರಿದವು. ಒಂದು ಗಿಡ ಅಗೆದು ನೋಡಿದರೆ ಬೇರಿನ ಸಿಪ್ಪೆ ಬೆರಳಿಗೆ ಹತ್ತಿ ಬಂತು. ಎಂಟು ಸತ್ತವು.

ಎರಡನೆಯ ಸಲ ಗುಂಡಿ ತೋಡಲಿಲ್ಲ, ಒಡ್ಡು ಹಾಕಿದೆವು. ಒಂದೂವರೆ ಅಡಿ ಎತ್ತರ, ಮೂರು ಅಡಿ ಅಗಲ, ಅರ್ಧ ಎರೆಮಣ್ಣು ಅರ್ಧ ಗರಸು. ಒಂದು ಟ್ರ್ಯಾಕ್ಟರ್ ಟ್ರೇಲಿ ಗರಸು ತಂದರೆ ಹತ್ತು ಗಿಡದ ಒಡ್ಡಿಗೆ ಸಾಕಾಗಿ ಉಳಿಯಿತು. ಸಸಿಯನ್ನು ಒಡ್ಡಿನ ನೆತ್ತಿಯಲ್ಲಿ ನೆಟ್ಟೆವು. ಹಳೆಯ ನಾಲ್ಕಕ್ಕೆ ಆರು ಕೂಡಿ ಈಗ ಹತ್ತೂ ಬದುಕಿವೆ. ಎರೆ ನೆಲಕ್ಕೆ ಬೇಸಿಗೆಯಲ್ಲಿ ಇನ್ನೊಂದು ಕಾಟ, ಬಿರುಕು. ಕೈ ತೂರುವಷ್ಟು ಬಾಯಿ ಬಿಟ್ಟ ಬಿರುಕಿನಲ್ಲಿ ಎಳೆಯ ಬೇರು ಹರಿಯುತ್ತದೆ. ಬುಡದ ಸುತ್ತ ಕಡಲೆ ಹೊಟ್ಟನ್ನೋ ಜೋಳದ ಕಣಿಕೆಯ ಚೂರನ್ನೋ ನಾಲ್ಕು ಬೆರಳು ದಪ್ಪ ಹರಡಿದರೆ ಆ ಜಾಗ ಬಿರಿಯುವುದು ಕಡಿಮೆ.

ನೆಡುವ ದಿನ

ಬೇಸಿಗೆಯಲ್ಲೇ ಗುಂಡಿ ತೋಡಿಟ್ಟು ಬಿಸಿಲು ಕಾಣಿಸಿ. ಮಸಾರಿಗೆ ಒಂದೂವರೆ ಅಡಿ ಉದ್ದ, ಅಗಲ, ಆಳ ಸಾಕು. ತೋಡಿದ ಮೇಲ್ಮಣ್ಣಿಗೆ ಹತ್ತು ಕಿಲೋ ಕೊಟ್ಟಿಗೆ ಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ ಸೇರಿಸಿ. ಮಸಾರಿಯಲ್ಲಿ ಗೆದ್ದಲು ಎಳೆಯ ಸಸಿಯ ಬುಡವನ್ನೇ ಹಿಡಿಯುತ್ತದೆ, ಹಿಂಡಿ ಅದಕ್ಕಾಗಿ. ಹಸಿ ಸಗಣಿ ಗೊಬ್ಬರ ಹಾಕಿದರೆ ಗೆದ್ದಲನ್ನು ನೀವೇ ಕರೆದ ಹಾಗೆ.

ಬೇಲಿಗೆಂದರೆ ಗಿಡದಿಂದ ಗಿಡಕ್ಕೆ ಮೂರು ಅಡಿ. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ, ಅಂದರೆ ನಾಲ್ಕೂ ಬದಿಗೆ 280 ಸಸಿಯ ಆಸುಪಾಸು ಬೇಕಾಗುತ್ತದೆ. ಒಂದೇ ವರ್ಷ ನಾಲ್ಕೂ ಬದಿ ಹಿಡಿಯುವುದಕ್ಕಿಂತ ವರ್ಷಕ್ಕೊಂದು ಬದಿ ಮಾಡುವುದು ಒಳ್ಳೆಯದು. ನೀರು ಹೊರುವ ಕೆಲಸ ತಡೆದುಕೊಳ್ಳುವಷ್ಟಿರುತ್ತದೆ. ಹಣ್ಣಿಗೆಂದೇ ಬೆಳೆಸುವುದಾದರೆ ಎಂಟರಿಂದ ಹತ್ತು ಅಡಿ ಅಂತರ ಬಿಡಿ, ಇಲ್ಲದಿದ್ದರೆ ಮುಳ್ಳಿನ ನಡುವೆ ಕೈ ಹಾಕಲು ಜಾಗ ಇರುವುದಿಲ್ಲ. ಮನೆಯ ಬಾಗಿಲು, ಮಕ್ಕಳು ಓಡಾಡುವ ದಾರಿ, ಬಚ್ಚಲಿನ ಪಕ್ಕ ಬೇಡ. ಮುಳ್ಳಿನ ಭಯ ಒಂದು, ಪೊದೆಯಾದ ಮೇಲೆ ಬುಡದಲ್ಲಿ ಹಾವು ಸೇರುವ ಭಯ ಇನ್ನೊಂದು.

ಮಿರಗ ಎರಡು ಸಲ ಚೆನ್ನಾಗಿ ಬಿದ್ದು ಗುಂಡಿಯ ಮಣ್ಣು ಕೆಳಗಿನವರೆಗೆ ನೆನೆದ ಮೇಲೆ ನೆಡಿ. ನಾವು ಸಾಮಾನ್ಯವಾಗಿ ಕಾರಹುಣ್ಣಿಮೆ ಮುಗಿಸಿ ನೆಡುತ್ತೇವೆ. ಚೀಲವನ್ನು ಬ್ಲೇಡಿನಿಂದ ಸೀಳಿ ತೆಗೆಯಿರಿ, ಮಣ್ಣಿನ ಹೆಂಟೆ ಒಡೆಯಬಾರದು. ಚೀಲದ ತಳದಲ್ಲಿ ಸುತ್ತಿಕೊಂಡ ತಾಯಿಬೇರು ಇದ್ದರೆ ಸುತ್ತನ್ನು ಕತ್ತರಿಸಿಬಿಡಿ. ಚೀಲದಲ್ಲಿ ಎಷ್ಟು ಆಳ ಇತ್ತೋ ನೆಲದಲ್ಲೂ ಅಷ್ಟೇ. ಸುತ್ತ ಕಾಲಿನಿಂದ ತುಳಿದು ಗಟ್ಟಿ ಮಾಡಿ, ಮಳೆ ಬರುತ್ತಿದ್ದರೂ ಒಂದು ಕೊಡ ನೀರು ಹಾಕಿ, ಬೇರಿನ ಸುತ್ತ ಪೊಳ್ಳು ಉಳಿಯದಿರಲೆಂದು.

ಮೊದಲ ಎರಡು ವರ್ಷ

ದೊಡ್ಡದಾದ ಮೇಲೆ ಕವಳಿಯನ್ನು ಮುಟ್ಟಲು ಆಡು ಹಿಂಜರಿಯುತ್ತದೆ. ಎಳೆಯದಾಗಿದ್ದಾಗ ಮುಳ್ಳು ಮೆತ್ತಗಿರುತ್ತದೆ, ಒಂದೇ ಬೆಳಿಗ್ಗೆ ಒಂದು ಹಿಂಡು ಇಡೀ ಸಾಲು ಸವರಿಬಿಡುತ್ತದೆ. ಕುರಿಗಾರರು ಹಿಂಗಾರಿಗೆ ಊರೂರು ತಿರುಗುವ ನಮ್ಮ ಸೀಮೆಯಲ್ಲಿ ಇದು ದಿನದ ಮಾತು. ಮೊದಲ ಎರಡು ವರ್ಷ ಜಾಲಿ ಮುಳ್ಳನ್ನು ಸಾಲಿನ ಹೊರಗೆ ಒತ್ತಿಡಿ. ಹಿಂಡು ಕಾಯುವವರ ಜೊತೆ ಮೊದಲೇ ಮಾತಾಡಿಕೊಂಡಿದ್ದೂ ನಮಗೆ ಉಪಯೋಗವಾಯಿತು: "ಕಾಕಾ, ಈ ಸಾಲ ಕವಳಿ ಅದ ನೋಡ್ರಿ, ಇತ್ತಾಗ ಬಿಡಬ್ಯಾಡ್ರಿ." ಅವರಿಗೂ ಕವಳಿ ಹಣ್ಣಿನ ರುಚಿ ಗೊತ್ತು, ಎರಡು ವರ್ಷ ಅವರು ಆ ಕಡೆ ಹಿಂಡು ತಿರುಗಿಸಲಿಲ್ಲ.

ಬೇಲಿಗೆ ನೆಟ್ಟವರು ಮಾಡಲೇಬೇಕಾದ ಕೆಲಸವೊಂದಿದೆ. ಸಸಿ ಒಂದು ಅಡಿ ಎತ್ತರ ಬಂದ ಕೂಡಲೇ ತುದಿ ಚಿವುಟಿ. ಅಲ್ಲಿಂದ ಎರಡು ಮೂರು ಕವಲು ಒಡೆದು ಅವೂ ಗೇಣುದ್ದ ಆದಾಗ ಮತ್ತೆ ಚಿವುಟಿ. ಚಿವುಟಲು ಮನಸ್ಸು ಬರುವುದಿಲ್ಲ, ಅಷ್ಟು ನಿಧಾನ ಬೆಳೆದದ್ದು. ಆದರೆ ಬಿಟ್ಟರೆ ಗಿಡ ಮೇಲಕ್ಕೆ ಹೋಗಿ ಕೆಳಗೆ ಕಂಡಿ ಉಳಿಯುತ್ತದೆ, ನಾಯಿ, ಹಂದಿ, ಆಡು ಎಲ್ಲವೂ ನುಸುಳುವುದು ಅಲ್ಲಿಂದಲೇ. ನೆಲದಿಂದಲೇ ದಟ್ಟವಾಗಿ ಕಟ್ಟಿದ ಕವಳಿ ಬೇಲಿ ನಾಲ್ಕೈದು ವರ್ಷಕ್ಕೆ ತಂತಿಗಿಂತ ಗಟ್ಟಿ. ಹಣ್ಣಿಗೆ ಬೆಳೆಸುವ ಗಿಡವನ್ನು ಹೀಗೆ ಮಾಡಬೇಡಿ. ಬುಡದಿಂದ ಮೂರು ನಾಲ್ಕು ಕಾಂಡ ಮಾತ್ರ ಬಿಟ್ಟು ಉಳಿದದ್ದು ತೆಗೆಯಿರಿ, ಗಿಡದೊಳಗೆ ಗಾಳಿ ಬೆಳಕು ಆಡುತ್ತದೆ.

ಮೊದಲ ಎರಡು ಬೇಸಿಗೆ ಎಂಟು ಹತ್ತು ದಿನಕ್ಕೊಮ್ಮೆ ಗಿಡಕ್ಕೊಂದು ಕೊಡ ನೀರು. ಮಳೆಗಾಲದ ಮುಂಚೆ ವರ್ಷಕ್ಕೊಂದು ಬುಟ್ಟಿ ತಿಪ್ಪೆಗೊಬ್ಬರ. ಕುರ್ಪಿಯಿಂದ ಬುಡದ ಕಸ ತೆಗೆಯುವುದು. ಇಷ್ಟೇ ಸಾಕು. ಯೂರಿಯಾ ಹಾಕಬೇಡಿ.

ದೀಪಾವಳಿಯಿಂದ ನೀರು ನಿಲ್ಲಿಸಿ

ಮೂರನೆಯ ವರ್ಷ ಅಲ್ಲೊಂದು ಇಲ್ಲೊಂದು ಹೂ ಕಂಡಿತು. ನಾಲ್ಕನೆಯ ವರ್ಷಕ್ಕೆ ಚೆನ್ನಾಗಿ ಬಿಡಲಿ ಎಂದು ಮೆಣಸಿನ ಗಿಡಕ್ಕೆ ಹಾಕಿದ ಹನಿ ನೀರಾವರಿ ಪೈಪನ್ನೇ ಕವಳಿಯ ಸಾಲಿಗೂ ಎಳೆದು ಚಳಿಗಾಲವೆಲ್ಲ ನೀರು ಬಿಟ್ಟೆ. ಗಿಡ ಕಣ್ಣು ಕುಕ್ಕುವಂತೆ ಹಸಿರಾಯಿತು, ಟೊಂಗೆ ಮೊಳದುದ್ದ ಎಳೆದವು, ಹೂ ಮಾತ್ರ ಹಿಂದಿನ ವರ್ಷದಷ್ಟೂ ಬರಲಿಲ್ಲ. ಆ ಮೇ ತಿಂಗಳಲ್ಲಿ ಹಣ್ಣು ಕೊಳ್ಳಲು ಅಜ್ಜಿಯ ಹತ್ತಿರವೇ ಹೋದೆ. ಅವರು ಎಲ್ಲ ಕೇಳಿ ಹೇಳಿದರು: "ಅಡವಿ ಗಿಡಕ್ಕ ನೀರ ಯಾಕ ಹಾಕ್ತಿ ತಂಗಿ? ಚಳಿಗಾಲದಾಗ ಅದು ಹಸದು ನಿಂದ್ರಬೇಕು. ಹಸದರ ಹೂವ ಬಿಡತೈತಿ."

ಅಜ್ಜಿಯ ಮಾತಿನಂತೆ ಮುಂದಿನ ವರ್ಷ ದೀಪಾವಳಿಯಿಂದ ಹನಿ ನೀರೂ ಬಿಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಎಲೆಯ ಹೊಳಪು ಕಡಿಮೆಯಾಗಿ, ಕೆಲವು ಎಲೆ ಉದುರಿ, ಗಿಡ ಸುಮ್ಮನೆ ನಿಂತ ಹಾಗೆ ಕಂಡಿತು. ನೀರು ಹಾಕಿಬಿಡೋಣವೇ ಎಂದು ದಿನಾ ಅನ್ನಿಸುತ್ತಿತ್ತು. ಶಿವರಾತ್ರಿಯ ಆಸುಪಾಸಿನಲ್ಲಿ ಒಂದು ಸಂಜೆ ಹೊಲಕ್ಕೆ ಹೋದಾಗ ಬದುವಿಗೆ ಕಾಲಿಡುವ ಮುಂಚೆಯೇ ಪರಿಮಳ ಬಂತು. ಟೊಂಗೆ ಟೊಂಗೆಯ ತುದಿಗೆ ಬಿಳಿ ಗೊಂಚಲು, ಸಾಲಿನುದ್ದಕ್ಕೂ. ಬೆಳಿಗ್ಗೆ ಹೋಗಿ ನೋಡಿದರೆ ಜೇನುಹುಳದ ಗುಂಯ್‌ಗುಡುವಿಕೆ. ಆ ವರ್ಷ ಚೆನ್ನಾಗಿದ್ದ ಗಿಡಗಳಿಂದ ತಲಾ ಮೂರು ನಾಲ್ಕು ಕಿಲೋ ಹಣ್ಣು ಇಳಿಯಿತು.

ಹಾಗಾಗಿ ಮೂರನೆಯ ವರ್ಷದಿಂದ ನೀರಿನ ಲೆಕ್ಕ ಹೀಗಿರಲಿ. ದೀಪಾವಳಿಯಿಂದ ಹೂ ಅರಳಿ ಕಾಯಿ ಕಚ್ಚುವವರೆಗೆ ಏನೂ ಬೇಡ. ಕಾಯಿ ಬಟಾಣಿ ಗಾತ್ರ ಆದ ಮೇಲೆ, ಯುಗಾದಿ ಆಸುಪಾಸಿನಿಂದ, ಹದಿನೈದು ದಿನಕ್ಕೊಮ್ಮೆ ಗಿಡಕ್ಕೆ ಎರಡು ಕೊಡ. ಅಡ್ಡಮಳೆ ಬಿದ್ದರೆ ಅದೂ ಬೇಡ. ಹೂ ಇರುವಾಗ ಯಾವ ಔಷಧವನ್ನೂ ಹೊಡೆಯಬೇಡಿ, ಜೇನು ಬಾರದೆ ಕಾಯಿ ಕಚ್ಚುವುದಿಲ್ಲ.

ಸವರುವುದಕ್ಕೂ ಕಾಲ ಇದೆ. ಹೂ ಬರುವುದು ಟೊಂಗೆಯ ತುದಿಯಲ್ಲಿ. ಚಳಿಗಾಲದಲ್ಲಿ ಬೇಲಿ ನೇರ ಕಾಣಲಿ ಎಂದು ಕತ್ತರಿಸಿದರೆ ಮುಂದಿನ ಬೇಸಿಗೆಯ ಹಣ್ಣನ್ನೇ ಕತ್ತರಿಸಿ ಹಾಕಿದಂತೆ. ಹಣ್ಣು ಮುಗಿದ ಕೂಡಲೇ, ಜೂನ್ ಕೊನೆಯಿಂದ ಜುಲೈ ಒಳಗೆ ಸವರಿ. ಮಳೆಗಾಲದಲ್ಲಿ ಹೊಸ ಚಿಗುರು ಬಂದು ಬಲಿಯಲು ಸಮಯ ಸಿಗುತ್ತದೆ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ದಾರಿಗೆ ಚಾಚಿದ್ದು ಮೊದಲು ತೆಗೆಯಿರಿ, ಆಮೇಲೆ ಸುತ್ತ ಒಂದು ಗೇಣು. ದಪ್ಪ ತೊಗಲಿನ ಕೈಗವಸು, ಬೂಟು, ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳಿ. ಕವಳಿ ಮುಳ್ಳು ಚುಚ್ಚಿದರೆ ಒಳಗೇ ಮುರಿಯುತ್ತದೆ, ಚಪ್ಪಲಿಯ ಅಟ್ಟೆಯನ್ನೂ ದಾಟುತ್ತದೆ. ಕಡಿದ ಟೊಂಗೆ ಒಂದನ್ನೂ ನೆಲದಲ್ಲಿ ಬಿಡದೆ ಆರಿಸಿ ಬೇಲಿಯ ಕಂಡಿಗೆ ತುರುಕಿ. ಕತ್ತರಿಗೆ ಹತ್ತಿದ ಹಾಲನ್ನು ಆಗಲೇ ಕೊಬ್ಬರಿ ಎಣ್ಣೆಯಲ್ಲಿ ಒರೆಸಿದರೆ ಬಿಡುತ್ತದೆ, ಮರುದಿನಕ್ಕೆ ಅಂಟು ಗಟ್ಟಿಯಾಗುತ್ತದೆ.

ರೋಗ ಕೀಟ ಕಡಿಮೆ. ಮಳೆಗಾಲದಲ್ಲಿ ಎಲೆಚುಕ್ಕೆ ಬಂದು ತುದಿ ಒಣಗಿದರೆ ಅಂಥ ಟೊಂಗೆ ಕಡಿದು ಸುಟ್ಟು, ಶೇಕಡಾ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ್ದು) ಸಿಂಪಡಿಸಿ. ಬಿಳಿ ಹಿಟ್ಟು ತಿಗಣೆ ಕಂಡರೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಚೂರು ಸಾಬೂನು. ಕಣಗಲು, ನಂದಿಬಟ್ಟಲು ತಿನ್ನುವ ದಪ್ಪ ಹಸಿರು ಹುಳ, ತಲೆಯ ಹಿಂದೆ ನೀಲಿ ಕಣ್ಣಿನಂಥ ಎರಡು ಚುಕ್ಕೆ ಇರುವುದು, ಕವಳಿಗೂ ಬರುತ್ತದೆ. ಒಂದೆರಡು ಇದ್ದರೆ ಬಿಡಿ, ಎಳೆಯ ಸಸಿಯಲ್ಲಿದ್ದರೆ ಕಡ್ಡಿಯಿಂದ ಎತ್ತಿ ದೂರ ಹಾಕಿ.

ಕಾಯಿ, ಹಣ್ಣು, ಭರಣಿ

ಕಾಯಿ ಕಚ್ಚಿದ ಎರಡು ತಿಂಗಳಿಗೆ ಉಪ್ಪಿನಕಾಯಿಗೆ ಬರುತ್ತದೆ, ಹಣ್ಣಾಗಲು ಮೂರು ಮೂರೂವರೆ ತಿಂಗಳು ಬೇಕು. ಎಲ್ಲವೂ ಒಟ್ಟಿಗೆ ಹಣ್ಣಾಗುವುದಿಲ್ಲ, ನಾಲ್ಕು ದಿನಕ್ಕೊಮ್ಮೆ ಬಿಡಿಸುತ್ತ ಹೋಗಬೇಕು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ತಗ್ಗು ಬೀಳುವ ಹಣ್ಣು ತಿನ್ನಲು ಸರಿಯಾದದ್ದು. ಕರಿದಾಗಿದ್ದೂ ಗಟ್ಟಿ ಇದ್ದರೆ ಇನ್ನೂ ಹುಳಿ, ಗಂಟಲೂ ಕೆರೆಯುತ್ತದೆ. ಬಿಡಿಸಿದ ತೊಟ್ಟಿನಿಂದ ಹಾಲು ಬರುವುದರಿಂದ ಹಣ್ಣನ್ನು ಅಗಲ ಬುಟ್ಟಿಯಲ್ಲಿ ತೆಳ್ಳಗೆ ಹರಡಿ, ಮನೆಗೆ ತಂದು ಉಪ್ಪುನೀರಲ್ಲಿ ತೊಳೆಯಿರಿ. ಮಾಗಿದ ಹಣ್ಣು ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಗಿಡದ ನೆತ್ತಿಯ ಹಣ್ಣಿಗೆ ನಾವು ಕೈ ಹಾಕುವುದಿಲ್ಲ, ಅದು ಪಿಕಳಾರಗಳ ಪಾಲು.

ಉಪ್ಪಿನಕಾಯಿಗೆ ಹಸಿರು ಕಾಯಿಯೇ ಬೇಕು. ತೊಳೆದು ಒರೆಸಿ ಎರಡು ಹೋಳು ಮಾಡಿ, ಚಾಕುವಿನ ತುದಿಯಿಂದ ಬೀಜ ತೆಗೆದು, ಉಪ್ಪು ಅರಿಸಿನ ಹಚ್ಚಿ ಎರಡು ದಿನ ಇಡಿ. ಬಿಟ್ಟ ನೀರಿನಲ್ಲೇ ಹುರಿದ ಸಾಸಿವೆ ಮೆಂತ್ಯದ ಪುಡಿ, ಬ್ಯಾಡಗಿ ಮೆಣಸಿನಕಾಯಿ ಪುಡಿ, ಇಂಗಿನ ಒಗ್ಗರಣೆ ತಣ್ಣಗಾದ ಮೇಲೆ ಬೆರೆಸಿದರೆ ಮುಗಿಯಿತು. ಅವಸರದ ದಿನಕ್ಕೆ ಚಟ್ನಿ: ಹತ್ತು ಕಾಯಿ, ಆರು ಹಸಿಮೆಣಸಿನಕಾಯಿ, ಬಳ್ಳೊಳ್ಳಿ ನಾಲ್ಕು ಎಸಳು, ಹುರಿದ ಗುರೆಳ್ಳು ಎರಡು ಚಮಚ, ಬೆಲ್ಲ ಚೂರು, ಉಪ್ಪು. ಒರಳಲ್ಲಿ ತರಿತರಿಯಾಗಿ ಕುಟ್ಟಿ ಬಿಸಿ ಜೋಳದ ರೊಟ್ಟಿಯ ಮೇಲೆ ಹಾಕಿಕೊಂಡು ಎಣ್ಣೆ ಬಿಟ್ಟರೆ ಪಲ್ಯದ ನೆನಪೇ ಆಗುವುದಿಲ್ಲ. ಕೆಂಪಾಗತೊಡಗಿದ ಕಾಯಿಯಲ್ಲಿ ಪೆಕ್ಟಿನ್ ಬಹಳ, ಬೇಯಿಸಿ ಸೋಸಿದ ರಸಕ್ಕೆ ಸಮ ಸಕ್ಕರೆ ಹಾಕಿ ಕುದಿಸಿದರೆ ತಾನಾಗಿ ಜೆಲ್ಲಿ ಕಟ್ಟುತ್ತದೆ. ಬೇಕರಿ ಕೇಕಿನ ಮೇಲೆ ಕೆಂಪಗೆ ಕೂತಿರುವ ಚೆರ್ರಿಯೂ ನಮ್ಮಲ್ಲಿ ಬಹುಮಟ್ಟಿಗೆ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ ಕವಳಿಕಾಯಿಯೇ.

ಕಳೆದ ಬೇಸಿಗೆ ನಮ್ಮ ಬೇಲಿಯ ಹಣ್ಣನ್ನು ಒಂದು ಡಬ್ಬಿ ತುಂಬಿಕೊಂಡು ಅಜ್ಜಿಗೆ ಕೊಡಲು ಹೋಗಿದ್ದೆ. ಅವರು ಒಂದು ಬಾಯಿಗೆ ಹಾಕಿಕೊಂಡು ಬೀಜ ಅಂಗೈಗೆ ಉಗುಳಿ, "ಇದು ಯಾವ ಗಿಡದ್ದು?" ಎಂದರು. ಎಲ್ಲ ಗಿಡದ್ದೂ ಕೂಡಿದೆ ಅಂದೆ. ಒಳ್ಳೆಯ ಹಣ್ಣಿನ ಗಿಡಕ್ಕೆ ಹಣ್ಣಿರುವಾಗಲೇ ಒಂದು ಚಿಂದಿ ಕಟ್ಟಿಡಬೇಕಂತೆ, ಮಳೆಗಾಲದಲ್ಲಿ ಗೂಟಿ ಕಟ್ಟುವಾಗ ಎಲ್ಲ ಗಿಡವೂ ಒಂದೇ ಥರ ಕಾಣುತ್ತದೆ. ಈಗ ನಮ್ಮ ಸಾಲಿನಲ್ಲಿ ಏಳು ಗಿಡಕ್ಕೆ ಹಳೆಯ ಇಳಕಲ್ ಸೀರೆಯ ಕೆಂಪು ಅಂಚಿನ ಚಿಂದಿ ಕಟ್ಟಿದೆ. ಮೊದಲ ಗೂಟಿ ಅವಕ್ಕೇ, ಮೊದಲ ಇಪ್ಪತ್ತು ಸಸಿ ಅಜ್ಜಿಯ ಮಗನ ಹೊಲಕ್ಕೆ.